ಕರಿಯುವ ಕೋಣೆಗೆ ಬಂದವನು

“ಲಗೂ ಒಳಗ ಬರ್ರಿ,” ಎಂದಳು ದಾನೇಶ್ವರಿ. ಸದ್ದಾಗದಂತೆ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಬಸವ ಕಣ್ಣರಳಿಸಿ ಸುತ್ತ ನೋಡಿದ. ಶಹಾಪುರದ ಗೊಲ್ಲಾಳಮ್ಮ ಚಕ್ಕುಲಿ ಕಂಪನಿಯ ಚರಿತ್ರೆ ಬರೆಯಲು ಅವನನ್ನು ಸುರಪುರದಿಂದ ಕರೆಸಿದ್ದರು. ಎಲ್ಲವನ್ನೂ ತೋರಿಸಿದ್ದರು, ಈ ಕರಿಯುವ ಕೋಣೆಯೊಂದನ್ನು ಬಿಟ್ಟು.

ಹೊರಗಿನವರ ಕಣ್ಣು ಬಿದ್ದರೆ ಎಣ್ಣೆಯಲ್ಲಿ ಚಕ್ಕುಲಿ ಸಿಡಿಯುತ್ತದೆ ಎಂದಿದ್ದಳು ದಾನೇಶ್ವರಿಯ ಅಜ್ಜಿ ಗೊಲ್ಲಾಳಮ್ಮ. ಯಾದಗಿರಿ ಸ್ಟೇಷನ್ನಿನಲ್ಲಿ ಬುಟ್ಟಿ ಹೊತ್ತು ಮಾರಿ ಈ ಕಂಪನಿ ಕಟ್ಟಿದವಳು. ಅವಳು ಹೋದ ಮೇಲೂ ಇಲ್ಲಿಗೆ ಮನೆಯವರಿಗಷ್ಟೇ ಪ್ರವೇಶ. ಒಮ್ಮೆ ಒಬ್ಬ ಏಜೆಂಟ್ ಕದ್ದು ನೋಡಿ, ಹದ ಕಲಿತು, ಬೇರೆ ಕಂಪನಿ ತೆಗೆದಿದ್ದ. ಅಂದಿನಿಂದ ದಾನೇಶ್ವರಿಯ ಅಪ್ಪ ನೀಲಕಂಠಪ್ಪ ಗಾಳಿಯನ್ನೂ ನಂಬುವುದಿಲ್ಲ. ಆದರೆ ಬರೆಯುವ ಹುಡುಗನ ಜೊತೆ ತಿರುಗಿ ಉಳಿದದ್ದೆಲ್ಲ ತೋರಿಸು ಎಂದು ಮಗಳಿಗೆ ಹೇಳಿದವರೂ ಅವರೇ. ಬೆಂಕಿಯ ಪಕ್ಕ ಬೆಣ್ಣೆ ಇಟ್ಟು ಕರಗಬೇಡ ಎಂದರಾದೀತೇ?

“ಇಷ್ಟ್ಯಾಕ ಅಂಜತೀರಿ?” ಎಂದ ಬಸವ.

“ಅಪ್ಪ ನೋಡಿದ್ರ ನಿಮ್ಮನ್ನ ಈ ಊರಾಗ ಕಾಲಿಡಾಕ ಬಿಡಂಗಿಲ್ಲ. ನಿಮಗ ಅಂಜಿಕಿಲ್ಲೇನ್ರಿ?”

“ಐತ್ರಿ. ಪುಸ್ತಕ ಮುಗದ್ರ ನಿಮ್ಮನ್ನ ನೋಡಾಕ ನೆಪ ಇರಂಗಿಲ್ಲ. ಅದ ಅಂಜಿಕಿ.”

ಅವಳ ಕೆನ್ನೆ ಕೆಂಪಾಯಿತು. ಒಲೆಯ ಕಾವು ಎಂದು ತನಗೆ ತಾನೇ ಹೇಳಿಕೊಂಡು ಚಕ್ಕುಲಿ ಒತ್ತಿ ಎಣ್ಣೆಗೆ ಬಿಟ್ಟಳು.

“ಚಕ್ಕುಲಿ ನೋಡ್ರಿ, ನನ್ನನ್ನಲ್ಲ.”

“ಚಕ್ಕುಲಿ ಅಂಗಡ್ಯಾಗೂ ಸಿಗತಾವ್ರಿ.”

ಅವಳು ನಗುವಷ್ಟರಲ್ಲಿ ಟಪ್ ಎಂದು ಒಂದು ಚಕ್ಕುಲಿ ಸಿಡಿಯಿತು. ನಗು ಅಲ್ಲೇ ಸತ್ತಿತು. ಅಜ್ಜಿಯ ಮಾತು ನಿಜವೇ? ಇವನು ಹೊರಗಿನವನೇ? ತಲೆ ತಗ್ಗಿಸಿದವಳಿಗೆ ಅವನ ಬರಿಗಾಲು ಕಂಡವು.

“ನಿಮ್ಮ ಚಪ್ಪಲಿ ಎಲ್ಲಿ?”

“ಬಾಗ್ಲದಾಗ ಬಿಟ್ಟೀನ್ರಿ. ಒಲಿ ಇದ್ದ ಜಾಗ, ಮೆಟ್ಟಕೊಂಡು ಹ್ಯಾಂಗ ಬರ್ಲಿ?”

ಹೊರಗಿನ ಚಪ್ಪಲಿ ಅಪ್ಪನ ಕಣ್ಣಿಗೆ ಬಿದ್ದರೆ ಎಂದು ಅವಳು ಬಾಗಿಲತ್ತ ಧಾವಿಸಿದಳು. ಆಗಲೇ ಬಾಗಿಲು ದಬದಬ ಬಡಿದ ಸದ್ದಾಯಿತು.

“ದಾನೀ, ಒಳಗ ಯಾರದಾರ?”

ತೆಗೆಯದೆ ಗತಿಯಿರಲಿಲ್ಲ. ನೀಲಕಂಠಪ್ಪ ಹೊಸ್ತಿಲಲ್ಲಿ ನಿಂತು ಬಸವನನ್ನೇ ದುರುಗುಟ್ಟಿ ನೋಡಿದರು. “ಹೊರಗಿನವ್ನ ಇಲ್ಲಿ ಯಾರು ಬಿಟ್ಟಾರ?”

“ನಾನ ನುಗ್ಗೀನ್ರಿ ಯಜಮಾನ್ರ,” ಎಂದ ಬಸವ. “ಅವ್ರದೇನೂ ತಪ್ಪಿಲ್ಲ.”

ಸುಮ್ಮನಿದ್ದರೆ ದಾನೇಶ್ವರಿ ಪಾರು. ಅವನು ಮಾತ್ರ ಇನ್ನೆಂದೂ ಬರುವುದಿಲ್ಲ. ಅಪ್ಪನ ಸಿಟ್ಟಿಗಿಂತ ಅದೇ ದೊಡ್ಡ ಭಯವಾಗಿ ಕಂಡಿತು ಅವಳಿಗೆ.

“ಸುಳ್ಳು ಹೇಳಾಕತ್ತಾನ ಅಪ್ಪಾ. ನಾನ ಕರದೀನಿ. ಇವ ನನಗ ಹೊರಗಿನವ ಅಲ್ಲ.”

ನೀಲಕಂಠಪ್ಪ ಮಗಳನ್ನೊಮ್ಮೆ, ಬಸವನ ಬರಿಗಾಲನ್ನೊಮ್ಮೆ ನೋಡಿದರು.

“ಪುಸ್ತಕದಾಗ ನಾ ಒಂದ್ ಮಾತು ಬರಸಿಲ್ಲ,” ಎಂದರು ನೀಲಕಂಠಪ್ಪ. ದನಿ ಇನ್ನೂ ಗಡಸಾಗಿಯೇ ಇತ್ತು. “ನಾ ಇಲ್ಲಿ ಹಿಟ್ಟಿನ ಚೀಲ ಹೊರಾಕ ಬಂದಾವ. ನಿಮ್ಮವ್ವನೂ ಅಜ್ಜಿಗೆ ತಿಳೀದಂಗ ನನಗ ಈ ಬಾಗ್ಲಾ ತಗದಿದ್ಲು.”

ಹೊರಗಿದ್ದ ಚಪ್ಪಲಿಗಳನ್ನು ಕಾಲಿನಿಂದ ಒಳಗೆ ಸರಿಸಿ, ತಾವೂ ಒಳಗೆ ಬಂದರು.

“ಬಾಗ್ಲಾ ಹಾಕಪ್ಪಾ ಬಸವ. ಹೊರಗಿನವ್ರು ನೋಡ್ಯಾರು.”