ಮಾಯವಾದ ಮೂರನೇ ವಿಷಯ

"ನನ್ನ ಭತ್ಯೆ ನಿಲ್ಸಿಬಿಟ್ಟಿದ್ದಾರೆ!"

ಟ್ಯಾಂಸಿನ್ ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು. ಮೆಲ್ಬರ್ನ್‌ನ ಆ ಬಾಡಿಗೆ ಮನೆಯಲ್ಲಿ ನಾವು ಮೂವರು ವಿದ್ಯಾರ್ಥಿಗಳು—ಅವಳು, ಲಾಕಿ, ನಾನು. ಸರ್ಕಾರದ ಭತ್ಯೆ ಬೇಕೆಂದರೆ ನಾಲ್ಕರಲ್ಲಿ ಮೂರು ವಿಷಯಗಳನ್ನಾದರೂ ಓದುತ್ತಿರಬೇಕು. ಅವಳು ತೆಗೆದುಕೊಂಡಿದ್ದೂ ಮೂರೇ. ಈಗ ದಾಖಲೆಯಲ್ಲಿ ಎರಡು! ಸಂಖ್ಯಾಶಾಸ್ತ್ರ ಮಾಯ. ಭತ್ಯೆ ನಿಂತರೆ ಅವಳ ಓದೂ ನಿಂತಂತೆ.

ಚಹಾ ಕುಡಿಯಲು ಬಂದಿದ್ದ ಡೆಸ್ಮಂಡ್ ಕಿವಿ ನಿಮಿರಿಸಿದರು. ನಮ್ಮದೇ ತರಗತಿ, ವಯಸ್ಸು ಅರವತ್ತೆರಡು. ಟ್ರಾಮ್ ಓಡಿಸಿ ನಿವೃತ್ತರಾದವರು.

"ಯಾವಾಗ ತೆಗೆದಿರೋದು?"

"ಶುಕ್ರವಾರ ಸಂಜೆ ಐದಕ್ಕೆ. ಶುಲ್ಕ ಇಲ್ದೆ ವಿಷಯ ಬಿಡೋಕೆ ಅವತ್ತೇ ಕೊನೇ ದಿನ. ಆದ್ರೆ ನಾನು ಬೇಕರಿ ಕೆಲಸದಲ್ಲಿದ್ದೆ!"

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಕೋರಿಗೆ. ನಾನು ಬಿಟ್ಟ ಹಳೇ ಬಾಯ್‌ಫ್ರೆಂಡ್."

"ಅವನೇ!" ಲಾಕಿ ಮೇಜು ಗುದ್ದಿದ. "ಸೇಡು, ತಾತ, ಸೇಡು!"

"ಅವನಲ್ಲ ಮಾರಾಯ," ಎಂದೆ ನಾನು. "ಐದಕ್ಕೆ ಮೈದಾನದಲ್ಲಿ ಆಡ್ತಾ ಇದ್ದ. ನಾನೇ ನೋಡಿದೀನಿ."

ಹಾಗಾದರೆ ಯಾರು?

"ಸೋಮವಾರ ಸಂಖ್ಯಾಶಾಸ್ತ್ರದ ಕ್ಲಾಸಲ್ಲಿ ಏನಾದ್ರೂ ವಿಚಿತ್ರ?" ಡೆಸ್ಮಂಡ್ ಕೇಳಿದರು. "ನಾನು ಬಂದಿರ್ಲಿಲ್ಲ."

"ಹಾಜರಿಯಲ್ಲಿ ನನ್ನ ಹೆಸರು ಕರೀಲಿಲ್ಲ. ಶುಕ್ರವಾರವೇ ಆ ವಿಷಯ ಬಿಟ್ಟ ಲಾಕಿನ ಎರಡು ಸಲ ಕೂಗಿದ್ರು! ಮೇಡಂ ಹಳೇ ಪಟ್ಟಿ ತಂದಿದ್ದಾರೆ ಅನ್ಕೊಂಡು ಎಲ್ಲಾ ನಕ್ವಿ."

ಡೆಸ್ಮಂಡ್ ಲೋಟ ಕೆಳಗಿಟ್ಟರು.

"ಹಳೇ ಪಟ್ಟಿ ಆಗಿದ್ರೆ ನಿನ್ನ ಹೆಸರೂ ಇರ್ಬೇಕಿತ್ತಲ್ಲಮ್ಮ? ಅದು ಹೊಸದೇ. ಬಿಟ್ಟೋನು ಉಳಿದಿದ್ದಾನೆ, ಉಳಿದೋಳು ಹೋಗಿದ್ದಾಳೆ. ಲಾಕಿ, ನೀನು ವಿಷಯ ಬಿಟ್ಟಿದ್ದು ಯಾವ ಕಂಪ್ಯೂಟರಲ್ಲಿ?"

"ಇದೇ... ಈ ಮನೇದು." ಲಾಕಿಯ ಮುಖ ಬಿಳಿಚಿತು. "ಯೂನಿವರ್ಸಿಟಿ ಪುಟ ತೆರೆದೇ ಇತ್ತು—"

"ತೆರೆದಿದ್ದ ಪುಟ ಟ್ಯಾಂಸಿನ್‌ದು. ಬೆಳಗ್ಗೆ ವೇಳಾಪಟ್ಟಿ ನೋಡಿ ಹಾಗೇ ಎದ್ದು ಹೋಗಿರ್ತಾಳೆ. ಕೊನೇ ದಿನದ ಗಡಿಬಿಡೀಲಿ ನೀನು ಹೆಸರೂ ನೋಡ್ದೆ ಒತ್ತಿದೆ. ಬಿದ್ದಿದ್ದು ಅವಳ ಸಂಖ್ಯಾಶಾಸ್ತ್ರ!"

"ಅಯ್ಯೋ, ಕತ್ತೆ ನಾನು!"

"ಅದಕ್ಕೆ ಪತ್ತೇದಾರಿ ಬೇಕಿರ್ಲಿಲ್ಲ ಬಿಡು," ಎಂದಳು ಟ್ಯಾಂಸಿನ್.

ಅರ್ಧ ಗಂಟೆಯಲ್ಲಿ ಲಾಕಿ ವಿಶ್ವವಿದ್ಯಾಲಯದ ಕಚೇರಿಯಲ್ಲಿ ನಿಂತು ತಪ್ಪೊಪ್ಪಿಗೆ ಬರೆದುಕೊಟ್ಟ. ಗುರುವಾರ ಅವಳ ಮೂರನೇ ವಿಷಯ ವಾಪಸ್ಸು ಬಂತು. ಹಿಂದೆಯೇ ಭತ್ಯೆಯೂ ಬಂತು.

"ನನ್ನ ಸಂಖ್ಯಾಶಾಸ್ತ್ರ ಈಗ ತೆಗೆಸ್ಬಹುದಾ?" ಲಾಕಿ ಮೆಲ್ಲಗೆ ಕೇಳಿದ.

"ಕೊನೇ ದಿನ ಮುಗೀತಲ್ಲ, ಪೂರ್ತಿ ಶುಲ್ಕ ಕಟ್ಟಿದ್ರೆ ಆಗುತ್ತೆ," ಎಂದಳು ಟ್ಯಾಂಸಿನ್. "ಇಲ್ಲಾಂದ್ರೆ ನಾಳೆ ಬೆಳಗ್ಗೆ ಎಂಟಕ್ಕೆ ಕ್ಲಾಸಲ್ಲಿ ನನ್ನ ಪಕ್ಕ ಬಂದು ಕೂತ್ಕೋ."