ವೀಳ್ಯದ ತಟ್ಟೆಯ ಉಂಗುರ

ಉಂಗುರ ಇರಲಿಲ್ಲ.

ವೀಳ್ಯದ ತಟ್ಟೆ ದೇವರ ಕೋಣೆಯಲ್ಲಿ ಇಟ್ಟ ಜಾಗದಲ್ಲೇ ಇತ್ತು. ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು ಎಲ್ಲವೂ ಇದ್ದವು. ಕೆಂಪು ಡಬ್ಬಿಯೂ ಇತ್ತು. ಮನೆಯ ಅಜ್ಜಿ ಸಿದ್ದಗಂಗಮ್ಮ ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆದರು. ಒಳಗೆ ಬರೀ ಹತ್ತಿ.

ಅದು ೧೯೫೮ರ ಜೂನ್ ತಿಂಗಳ ಒಂದು ಶುಕ್ರವಾರ. ಹನ್ನೊಂದಕ್ಕೆ ನಿಶ್ಚಿತಾರ್ಥ. ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ ಬಸವಲಿಂಗಯ್ಯನ ಮಗಳು ನೀಲಾಂಬಿಕೆಯನ್ನು ಕೊರಟಗೆರೆಯ ಓವರ್‌ಸಿಯರ್ ನಾಗಲಿಂಗಯ್ಯನಿಗೆ ಕೊಡುವ ಮಾತಾಗಿತ್ತು. ಅವನೂ ಅವನ ತಾಯಿ ಬಸವಮ್ಮನೂ ಹಿಂದಿನ ಸಂಜೆಯೇ ಬಂದು ಉಳಿದಿದ್ದರು. ಉಂಗುರ ಅವರು ತಂದದ್ದು.

ಬಸವಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತುಬಿಟ್ಟರು. "ಉಂಗ್ರ ಸಿಕ್ಕೋವರ್ಗೂ ಶಾಸ್ತ್ರ ಇಲ್ಲ."

ಎಂಟೂವರೆಗೆ ಸಬ್‌ಇನ್‌ಸ್ಪೆಕ್ಟರ್ ಖಲೀಲುಲ್ಲಾ ಸೈಕಲ್ಲಿನಲ್ಲಿ ಬಂದಿಳಿದ.

* * *

"ಯಾರ ಮೇಲೆ ಅನುಮಾನ?"

"ಬಳೆಗಾರ್ತಿ ಅಮೀರ್ ಬಿ," ಎಂದ ಬಸವಲಿಂಗಯ್ಯ. "ನೆನ್ನೆ ಬಳೆ ತೊಡ್ಸಕ್ಕೆ ಬಂದಿದ್ಲು."

"ಆಯಮ್ಮ ಜಗಲಿ ಬಿಟ್ಟು ಕದಲ್ಲಿಲ್ಲ ಕಣಪ್ಪ!" ಅಡುಗೆಮನೆಯಿಂದ ಅಜ್ಜಿಯ ದನಿ. "ಅವಳು ಹೋದ್ಮೇಲೂ ಉಂಗ್ರ ನಾನೇ ನೋಡಿವ್ನಿ. ಇವನಿಗೆ ಯಾರ್ದಾದ್ರೂ ಹೆಸ್ರು ಹೇಳ್ಬೇಕು, ಅಷ್ಟೆ."

"ಆಮೇಲೆ ಯಾರು ಬಂದ್ರು?"

"ಯಾರೂ ಇಲ್ಲ," ಎಂದರು ಅಜ್ಜಿ. "ಚಿಲಕ ನಾನೇ ಹಾಕ್ದೆ, ಬೆಳಿಗ್ಗೆ ನಾನೇ ತೆಗ್ದೆ. ಎಲ್ಲರ ಟ್ರಂಕು, ಜೇಬು, ದಿಂಬು ಜಾಲಾಡಿ ಆಯ್ತು."

ಹಾಗಾದರೆ ಉಂಗುರ ಮನೆಯಲ್ಲೇ ಇದೆ. ತೆಗೆದವರೂ ಮನೆಯಲ್ಲೇ ಇದ್ದಾರೆ.

ನೀಲಾಂಬಿಕೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಖಲೀಲುಲ್ಲಾ ಸ್ವಲ್ಪ ದೂರದಲ್ಲಿ ನಿಂತ.

"ಈ ಸಂಬಂಧ ಇಷ್ಟ ಇಲ್ವೇನಮ್ಮ?"

"ಇಲ್ಲ."

"ಉಂಗುರ ನೀನು ತೆಗೆದೆಯಾ?"

"ತೆಗ್ದಿದ್ರೆ ಬಾವಿಗೆ ಹಾಕ್ತಿದ್ದೆ. ಹಾಕಿದೀನಿ ಅಂತ್ಲೂ ಹೇಳ್ತಿದ್ದೆ."

ಅವಳು ಸೆರಗಿನ ಗಂಟಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ತುಮಕೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ. ಸೋಮವಾರ ಸೇರಬೇಕು.

"ಇವತ್ತು ಶಾಸ್ತ್ರ ಆದ್ರೆ ಸೋಮವಾರ ಇಲ್ಲ ಸಾರ್."

"ಇದು ಯಾರಿಗೆ ಗೊತ್ತು?"

"ಅಜ್ಜಿಗೆ. ನೆನ್ನೆ ಸಂಜೆ ಇಲ್ಲೇ ಕೂತು ಹೇಳ್ದೆ. ಹೇಳ್ತಾ ಅತ್ಬಿಟ್ಟೆ."

ಖಲೀಲುಲ್ಲಾ ತಲೆ ಎತ್ತಿದ. ಮೆಟ್ಟಿಲ ಪಕ್ಕದಲ್ಲೇ ಒಂದು ಕಿಟಕಿ. ಅದರ ಸರಳಿಗೆ ಗಂಡಸರ ಟವೆಲೊಂದು ನೇತಾಡುತ್ತಿತ್ತು.

"ಹುಡುಕ್ಬೇಡಿ ಸಾರ್," ಎಂದಳು ನೀಲಾಂಬಿಕೆ.

"ಅದು ನನ್ನ ಕೆಲಸ ಅಮ್ಮ."

"ಗೊತ್ತು. ಕೇಳಿ ನೋಡ್ದೆ."

* * *

ನಡುಮನೆಯಲ್ಲಿ ಉಪ್ಪಿಟ್ಟು ಬಡಿಸಿದ್ದರು. ಎಲ್ಲರ ಹಣೆಯಲ್ಲೂ ಆಗ ತಾನೇ ಧರಿಸಿದ ವಿಭೂತಿ. ವರ ನಾಗಲಿಂಗಯ್ಯ ಮಾತ್ರ ತಟ್ಟೆಯಿಂದ ದೂರ ಕೂತಿದ್ದ. ತಲೆಗೂದಲು ಒದ್ದೆ. ಹಣೆ ಬರಿದು.

"ಯಾಕೆ, ತಿನ್ನಲ್ವಾ?"

"ಹೊಟ್ಟೆ ಸರಿಯಿಲ್ಲ ಸಾರ್."

ಆ ಹೊಟ್ಟೆ ಆಗಲೇ ಗುರ್ ಎಂದಿತು. ಎಲ್ಲರಿಗೂ ಕೇಳಿಸಿತು.

"ಕಾಫಿ?"

"ಬೇಡ."

"ಒಂದು ಲೋಟ ನೀರು?"

ನಾಗಲಿಂಗಯ್ಯ ತಲೆ ಅಲ್ಲಾಡಿಸಿದ. ಅವನ ಕೈ ಎದೆಯ ಮೇಲೆ ಹೋಯಿತು. ಅಂಗಿಯ ಕತ್ತಿನಲ್ಲಿ ಲಿಂಗದ ಕರಡಿಗೆ ಕಟ್ಟಿದ ಶಿವದಾರ ಕಾಣುತ್ತಿತ್ತು.

ಖಲೀಲುಲ್ಲಾ ಅವನನ್ನು ಅವನು ಉಳಿದುಕೊಂಡಿದ್ದ, ಟವೆಲ್ ನೇತಾಡುವ ಕಿಟಕಿಯ ಹಿತ್ತಲ ಕೋಣೆಗೆ ಕರೆದೊಯ್ದ.

"ನಾನು ಸಿರಾದವನು. ಪಕ್ಕದ ಮನೆ ನಿಮ್ಮವರದೇ. ಅಲ್ಲಿನ ಅಜ್ಜಿ ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ತಿರ್ಲಿಲ್ಲ. ನೀವು ಸ್ನಾನ ಮಾಡಿದ್ದೀರಿ. ಪೂಜೆ ಮಾಡಿಲ್ಲ. ಹಸಿವಾಗಿದೆ, ತಿಂತಾ ಇಲ್ಲ. ಎಲ್ಲರೂ ಸಾಲಾಗಿ ಪೂಜೆಗೆ ಕೂರೋ ಮನೇಲಿ ಕರಡಿಗೆ ತೆರೆಯೋಕೆ ನಿಮಗೆ ಯಾಕೋ ಭಯ. ಈ ಮನೆ ಅಜ್ಜಿ ಕೈ ಹಾಕಿ ಹುಡುಕದ ಜಾಗ ಅದೊಂದೇ."

ನಾಗಲಿಂಗಯ್ಯನ ಮುಖ ಬಿಳಚಿಕೊಂಡಿತು.

"ನಾನು ಅದನ್ನ ಮುಟ್ಟಲ್ಲ. ತೆಗೀರಿ ಅಂತ್ಲೂ ಹೇಳಲ್ಲ. ಒಬ್ಬರೇ ಕೂತು ಪೂಜೆ ಮಾಡ್ಕೊಳ್ಳಿ. ನಾನು ಬಾಗಿಲಲ್ಲಿ ನಿಂತಿರ್ತೀನಿ, ಯಾರನ್ನೂ ಬಿಡಲ್ಲ. ಆಮೇಲಿಂದು ನಿಮಗೆ ಬಿಟ್ಟಿದ್ದು."

ಬಾಗಿಲು ಮುಚ್ಚಿತು. ಖಲೀಲುಲ್ಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಾದ.

* * *

ಕಾಲು ಗಂಟೆಯ ಮೇಲೆ ನಾಗಲಿಂಗಯ್ಯ ಹೊರಗೆ ಬಂದ. ಹಣೆಯಲ್ಲಿ ವಿಭೂತಿ. ಅಂಗೈಯಲ್ಲಿ ಉಂಗುರ.

"ನಾನೇ ತೆಗ್ದಿದ್ದು."

"ಲಿಂಗದ ಜೊತೆ ಇಟ್ಟಿದ್ದಾ!" ಬಸವಮ್ಮ ಎದೆ ಹಿಡಿದುಕೊಂಡರು.

"ಬೇರೆ ಎಲ್ಲಿಟ್ಟಿದ್ರೂ ಕದ್ದಂಗೆ ಆಗ್ತಿತ್ತು ಅವ್ವ." ಅವನು ಬಸವಲಿಂಗಯ್ಯನ ಕಡೆ ತಿರುಗಿದ. "ನೆನ್ನೆ ನಿಮ್ಮ ಮಗಳು ಅಜ್ಜಿ ಹತ್ರ ಅತ್ತಿದ್ದು ಕಿಟಕೀಲಿ ಕೇಳಿಸ್ತು. ನಾನು ಬೇಡ ಅಂದ್ರೆ ಹುಡುಗೀಲೇ ಏನೋ ಊನ ಅಂತಾರೆ. ಉಂಗ್ರ ಕಳೆದ್ರೆ ಶಾಸ್ತ್ರ ನಿಲ್ಲುತ್ತೆ, ಯಾರ ತಪ್ಪೂ ಅಲ್ಲ ಅನ್ಕೊಂಡೆ. ಬೆಳಿಗ್ಗೆ ಪೂಜೆಗೆ ಕೂರ್ಬೇಕು ಅನ್ನೋದು ಹೊಳೀಲೇ ಇಲ್ಲ."

"ಕಳ್ಳನಿಗೆ ನನ್ನ ಮಗಳ್ನ ಕೊಡಲ್ಲ!" ಬಸವಲಿಂಗಯ್ಯ ಗುಡುಗಿದ. "ಬರ್ಕೊಳ್ಳಿ ಕೇಸು!"

"ಏನಂತ ಬರೀಲಿ ಯಜಮಾನ್ರೇ? ಉಂಗುರ ಅವರದ್ದೇ. ತನ್ನ ವಸ್ತು ತಾನೇ ತೆಗೆದ್ರೆ ಯಾವ ಸೆಕ್ಷನ್ ಹಾಕ್ಲಿ?"

ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದರು. "ಕೊಡಲ್ಲ ಅಂದ್ಯಲ್ಲ? ಎಲ್ರೂ ಕೇಳಿದೀವಿ. ಹಂಗಾದ್ರೆ ಸೋಮವಾರ ಮಗು ತುಮಕೂರಿಗೆ ಹೋಗ್ಲಿ ಬುಡು."

ಬಸವಲಿಂಗಯ್ಯ ತಾಯಿಯನ್ನು ನೋಡಿದ. ಮಗಳನ್ನು ನೋಡಿದ. ಕೊನೆಗೆ, "ಬಸ್ಸು ಎಷ್ಟೊತ್ತಿಗೆ?" ಎಂದ.

ನಾಗಲಿಂಗಯ್ಯ ತಟ್ಟೆಯ ಮುಂದೆ ಕೂತ. ಅಜ್ಜಿ ಎರಡು ಸಲ ಬಡಿಸಿದರು. ಮೂರನೆಯ ಸಲ ಸೌಟು ಹಿಡಿದು ಬಂದವಳು ನೀಲಾಂಬಿಕೆ. ಅವನು ತಲೆ ಎತ್ತಲಿಲ್ಲ.

"ಉಂಗುರ ಎಲ್ಲಿ?" ಅವಳು ಮೆಲ್ಲಗೆ ಕೇಳಿದಳು.

"ಜೇಬಲ್ಲಿದೆ."

"ಎರಡು ವರ್ಷ ಜೋಪಾನವಾಗಿ ಇಟ್ಕೊಳ್ಳಿ. ಮತ್ತೆ ಕಳೆದ್ರೆ ಪೊಲೀಸ್ನೋರನ್ನ ಕರೆಯಲ್ಲ. ನಾನೇ ಬಂದು ಹುಡುಕ್ತೀನಿ."

ಅವನು ಈಗ ತಲೆ ಎತ್ತಿದ.

ಖಲೀಲುಲ್ಲಾ ನೋಟುಬುಕ್ಕು ಮುಚ್ಚಿ ಸೈಕಲ್ಲಿನ ಕಡೆ ಹೊರಟ. ಪುಟದಲ್ಲಿ ಏನೂ ಬರೆದಿರಲಿಲ್ಲ.