ಜಗ್ಗಿ ನೋಡಿದ ಬೀಗ

"ಹಾಕಿದ ಬೀಗ ಹಾಕಿದ ಹಾಗೇ ಇದೆಯೋ ಇಲ್ಲವೋ, ಯಾರನ್ನ ಕೇಳಲಿ?"

ಡಯಾಲಿಸಿಸ್ ಮುಗಿಸಿ ಕುರ್ಚಿಗೊರಗಿದ್ದ ಅತ್ತೆ ಕೇಳಿದ್ದು ಯಾರನ್ನೂ ಅಲ್ಲ. ಅದೇ ವಾರ್ಡಿನ ನರ್ಸಾಗಿದ್ದ ಸೊಸೆ, ಬೇರೊಬ್ಬ ರೋಗಿಯ ಕೆಲಸ ಮುಗಿಸಿ, ಸೋತ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು. ಬೀಗದ ಮಾತು ಅವಳಿಗೆ ಹೊಸದಲ್ಲ. ದಿನಸಿ ಬೀರುವಿಗೆ ಬೀಗ ಹಾಕಿ, ಜಗ್ಗಿ ಜಗ್ಗಿ ನೋಡದೆ ಅತ್ತೆ ಮಲಗಿದವರಲ್ಲ. ಸೊಂಟದ ಕೀಲಿಗೊಂಚಲು ಸೊಸೆಯ ಕೈಗೆ ಬಂದದ್ದೂ ಇಲ್ಲ...

ಈಗ ಅತ್ತೆಯ ಕತ್ತಿನ ಬುಡದಲ್ಲೊಂದು ಕೊಳವೆ. ಯಂತ್ರ ಬಿಚ್ಚಿದ ಮೇಲೆ ಅದರೊಳಗೆ ಔಷಧಿ ತುಂಬಿ ಮುಚ್ಚಳ ಬಿಗಿಯಬೇಕು. ರಕ್ತ ಹೆಪ್ಪುಗಟ್ಟಬಾರದು, ಕ್ರಿಮಿ ಒಳಹೊಗಬಾರದು. ವಾರ್ಡಿನವರ ಬಾಯಲ್ಲಿ ಅದು 'ಲಾಕ್'. ಅತ್ತೆಗೆ ತಿಳಿಯಲೆಂದು ಸೊಸೆಯೇ ಮೊದಲ ದಿನ ಹೇಳಿದ್ದಳು, "ಬೀಗ ಹಾಕಿದೀನಿ ಅತ್ತೆ."

ಕೊಳವೆಗೆ ತುಂಬುವ ಎರಡು ಔಷಧಿಗಳಲ್ಲಿ ಯಾವ ಬೀಗ ಮೇಲು ಎಂದು ಡಾಕ್ಟರು ಹೋಲಿಸಿ ನೋಡುತ್ತಿದ್ದರು. ಅರ್ಧ ಜನಕ್ಕೆ ಹಳೆಯ ಹೆಪಾರಿನ್, ಉಳಿದವರಿಗೆ ಹೊಸ ಸಿಟ್ರೇಟ್. ಅತ್ತೆಗೆ ಹೊಸದು ಬಂತು. ಹಿಂದೆಯೇ ಚಳಿಜ್ವರವೂ ಬಂತು, ಬಿಟ್ಟು ಮತ್ತೆ ಬಂತು. "ನಮ್ಮ ಸೊಸೆ ಕೈಗುಣ" ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೇಳಿದರು. ಗಂಡನೂ ತಟ್ಟೆಯಿಂದ ತಲೆಯೆತ್ತದೆ, "ಅಮ್ಮನ್ನ ಬೇರೆ ನರ್ಸ್ ನೋಡ್ಕೊಳ್ಳಲಿ ಬಿಡು" ಅಂದಿದ್ದ. ಇವತ್ತು ಬೆಳಿಗ್ಗೆ ಡಾಕ್ಟರು, "ಹೊಸದು ಸೋಂಕು ತಡೀತಿಲ್ಲ ಸಿಸ್ಟರ್. ನಿಮ್ಮತ್ತೆಯವರನ್ನೇ ನೋಡಿ. ಸಂಜೆಗೆ ಎಲ್ಲರಿಗೂ ನಿಲ್ಲಿಸಿಬಿಡೋಣ" ಅಂದಿದ್ದರು.

ನಲ್ಲಿಯ ಮೇಲಿನ ಕನ್ನಡಿಯಲ್ಲಿ ಅತ್ತೆಯ ಕೈ ಕಂಡಿತು. ಅದು ಮೆಲ್ಲಗೆ ಕತ್ತಿನ ಪಟ್ಟಿ ಸರಿಸಿ, ಮುಚ್ಚಳ ಹಿಡಿದು, ಬೀರುವಿನ ಬೀಗವನ್ನು ಹೇಗೋ ಹಾಗೇ ಜಗ್ಗಿತು.

"ಏನ್ಮಾಡ್ತಿದೀರಿ ಅತ್ತೆ?"

"ಭದ್ರ ಇದೆಯಾ ಅಂತ ನೋಡ್ದೆ ಕಣೆ. ನೀನೇ ಬೀಗ ಅಂದಿದ್ದಲ್ವಾ?"

"ದಿನಾ ನೋಡ್ತೀರಾ?"

"ನೋಡ್ದೆ ನಿದ್ದೆ ಬರುತ್ತಾ?"

ಸೊಸೆ ಕೈಗವಸು ತೊಟ್ಟು, ಸಡಿಲಾದ ಮುಚ್ಚಳ ತೆಗೆದು, ಒರೆಸಿ, ಹೊಸದನ್ನು ಬಿಗಿದಳು. ಆಮೇಲೆ ಸ್ಟೂಲೆಳೆದು ಕುಳಿತು, ಹೊರಗಿನ ಕೊಳೆ ಒಳಗೆ ಹೋದದ್ದು ಯಾವ ಕೈಯಿಂದ ಎಂದು ಬಿಡಿಸಿ ಹೇಳಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಆಯಾಸ.

"ಹಾಗಾದ್ರೆ... ನನ್ನ ಕೈಯಿಂದಲೇ..." ಅತ್ತೆ ತಮ್ಮ ಅಂಗೈ ನೋಡಿಕೊಂಡರು. "ಊರಿಗೆಲ್ಲ ನಿನ್ನ ಕೈ ಅಂದೆನಲ್ಲೇ. ಮಗನ ಮುಂದೆ ಹೇಗೆ ಮುಖ ಎತ್ತಲಿ? ಹೇಳಬೇಡ ತಾಯಿ. ಔಷಧೀದೇ ತಪ್ಪು ಅಂತ ಇದ್ದುಬಿಡಲಿ. ಅದಕ್ಕೇನು ಬಾಯಿದೆಯಾ, ಬಂದು ಜಗಳ ಆಡೋಕೆ?"

ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಸೊಸೆಯ ಅಂಗೈಯಲ್ಲಿಟ್ಟರು. "ಇನ್ಮೇಲೆ ನೀನೇ ಇಟ್ಕೋ."

ಗೊಂಚಲು ಮೈಬಿಸಿಗೆ ಬೆಚ್ಚಗಿತ್ತು. ಮದುವೆಯಾದಾಗಿನಿಂದ ಕಾದದ್ದು ಇದಕ್ಕೇ... ಸೊಸೆ ಸಾಲು ಕುರ್ಚಿಗಳತ್ತ ನೋಡಿದಳು. ಒಂದೊಂದು ಕತ್ತಿಗೂ ಒಂದೊಂದು ಕೊಳವೆ. ತಪ್ಪಿಲ್ಲದ ಔಷಧಿ ಸಂಜೆಗೆ ನಿಲ್ಲುವ ಮಾತು ಅವರಲ್ಲಿ ಯಾರಿಗೂ ಗೊತ್ತಿಲ್ಲ.

ಕೀಲಿಗಳನ್ನು ಅತ್ತೆಯ ಕೈಯಲ್ಲೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಬೀಗ ಅಂದವಳು ನಾನು, ಡಾಕ್ಟರಿಗೆ ಅದನ್ನೂ ಹೇಳ್ತೀನಿ. ನೀವು ಜಗ್ಗಿದ್ದನ್ನೂ ಹೇಳ್ತೀನಿ. ಸುಮ್ಮನಿರು ಅಂತ ಮಾತ್ರ ಕೇಳಬೇಡಿ ಅತ್ತೆ. ನನ್ನ ಕೈಲಾಗಲ್ಲ."